ಸ್ಪೇರ್ ಪಾರ್ಟ್ಸ್ ಮೇಜಿನ ಸಮುದ್ರ

ತುಮಕೂರಿನ ಬಿ.ಎಚ್. ರಸ್ತೆಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ಬಿಲ್ಲಿಂಗ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕನಕರಾಜು ಒಂದು ಮಗುವಿನ ಪ್ರಾಣ ಉಳಿಸಲು ಹೊರಟಿದ್ದ. ಆ ಮಗು ಇರಲೇ ಇಲ್ಲ ಎಂಬುದೊಂದನ್ನು ಬಿಟ್ಟರೆ ಅವನ ಕಡೆಯಿಂದ ಯಾವ ಲೋಪವೂ ಆಗಿರಲಿಲ್ಲ.

ಅವನ ಮೇಜಿಗೂ ಸ್ಪೇರ್ ಪಾರ್ಟ್ಸ್ ನೋಡಿಕೊಳ್ಳುವ ಗಂಗಾಂಬಿಕೆಯವರ ಮೇಜಿಗೂ ನಡುವೆ ಆಳೆತ್ತರದ ಕಬ್ಬಿಣದ ರ್‍ಯಾಕು. ಆ ಕಡೆಯವರ ಮುಖ ಕಾಣುತ್ತಿರಲಿಲ್ಲ, ಮಾತು ಮಾತ್ರ ಒಂದಕ್ಷರ ಬಿಡದೆ ಕೇಳುತ್ತಿತ್ತು. ಗಂಗಾಂಬಿಕೆಯವರ ದನಿಯೋ, ವರ್ಕ್‌ಶಾಪಿನಲ್ಲಿ ಇಂಜಿನ್ ಓಡುತ್ತಿದ್ದಾಗಲೂ ಸೋಲುವಂಥದ್ದಲ್ಲ. ಆವತ್ತು ಅವರು ಬೆಂಗಳೂರಿನಲ್ಲಿದ್ದ ತಮ್ಮ ಅಣ್ಣನ ಮಗಳು ಪಲ್ಲವಿಯ ಜೊತೆ ಫೋನಿನಲ್ಲಿದ್ದರು.

“ಹವಳ ನಿನ್ನೆಯಿಂದ ಬಾಯೇ ಬಿಟ್ಟಿಲ್ಲ ಕಣೇ ಪಲ್ಲವಿ. ಮುದುಡ್ಕೊಂಡು ಕೂತ್ಬಿಟ್ಟಿದಾಳೆ. ಊಟ ಹಾಕಿದ್ರೆ ಮುಟ್ತಿಲ್ಲ. ಬಣ್ಣ ಬೇರೆ ಇಳಿದೋಗಿದೆ... ಹ್ಞೂಂ, ಸಾಯಂಕಾಲ ಉಪ್ಪುನೀರು ಬದಲಾಯಿಸಿ ನೋಡ್ತೀನಿ... ಮನೇಗೆ ಹೆಂಗೆ ಕರ್ಕೊಂಡೋಗ್ಲಿ? ನಮ್ಮತ್ತೆ ಹೊಸ್ಲು ದಾಟ್ಸಲ್ವಲ್ಲ. ಇಲ್ಲೇ ಆಫೀಸಲ್ಲೇ ಬಿಟ್ಟೋಗ್ತೀನಿ, ಬೀಗ ಹಾಕ್ಕೊಂಡು.”

ಕನಕರಾಜು ಕೈಯಲ್ಲಿದ್ದ ಬಿಲ್ಲನ್ನು ಕೆಳಗಿಟ್ಟ. ಅನ್ನ ನೀರು ಬಿಟ್ಟ ಹೆಣ್ಣುಮಗು. ಅತ್ತೆ ಮನೆಗೆ ಸೇರಿಸುವುದಿಲ್ಲ. ಗಂಟಲಿಗೆ ಉಪ್ಪುನೀರು ಮುಕ್ಕಳಿಸುವುದೊಂದೇ ಔಷಧಿ. ಸಾಲದ್ದಕ್ಕೆ ಟ್ರ್ಯಾಕ್ಟರುಗಳ ಮಧ್ಯೆ ಬೀಗ ಹಾಕಿ ಬಿಟ್ಟುಹೋಗುತ್ತಾರಂತೆ! ಮಕ್ಕಳ ಸಹಾಯವಾಣಿಯ ನಂಬರನ್ನು ಫೋನಿನಲ್ಲಿ ಒತ್ತಿದ. ಕೆಲಸ ಇನ್ನೂ ಕಾಯಂ ಆಗಿಲ್ಲ ಎಂಬುದು ನೆನಪಾಗಿ ಅಳಿಸಿದ. ಅನ್ಯಾಯದ ವಿರುದ್ಧ ಸಿಡಿದೇಳುವುದಕ್ಕೂ ಪ್ರೊಬೇಷನ್ ಮುಗಿಯಬೇಕಲ್ಲ. ಕೊನೆಗೆ ಹೃದಯ ಮತ್ತು ಸಂಬಳ ಎರಡೂ ಒಪ್ಪುವಂಥ ದಾರಿ ಹಿಡಿದ. ಎದುರಿನ ಅಂಗಡಿಯಿಂದ ಮೂಸಂಬಿ, ಬ್ರೆಡ್ಡು ಕೊಂಡು ತಂದು ರ್‍ಯಾಕಿನ ಆ ಬದಿಗೆ ಹೋಗಿ ನಿಂತ.

“ಮಗು ಎಲ್ಲಿ ಮೇಡಂ?”

“ಯಾವ ಮಗು?”

“ಹವಳ.”

ಗಂಗಾಂಬಿಕೆ ಅವನ ಮುಖ ನೋಡಿದರು. ಮೂಸಂಬಿ ನೋಡಿದರು. ಬ್ರೆಡ್ಡು ನೋಡಿದರು. ಆಮೇಲೆ ಶುರುವಾದ ನಗು ಸೆರಗು ಬಾಯಿಗೆ ಹಿಡಿದರೂ ನಿಲ್ಲದೆ, ಕಣ್ಣಲ್ಲಿ ನೀರಾಗಿ ಇಳಿದು, ವರ್ಕ್‌ಶಾಪಿನಿಂದ ಇಬ್ಬರು ಮೆಕ್ಯಾನಿಕ್ಕುಗಳನ್ನು ಓಡಿ ಬರುವಂತೆ ಮಾಡಿತು. ಮೇಜಿನ ಮೂಲೆಯಲ್ಲಿ ನೀಲಿ ಬೆಳಕಿನ ಒಂದು ಗಾಜಿನ ಪೆಟ್ಟಿಗೆ ಇತ್ತು. ಮದುವೆ ಮನೆಯ ಸಿಹಿ ಡಬ್ಬಕ್ಕಿಂತ ಒಂದಿಷ್ಟು ದೊಡ್ಡದು, ಅಷ್ಟೆ. ಅದರೊಳಗೆ ಕಲ್ಲು, ಕಲ್ಲಿನ ಮೇಲೆ ಅಂಗಿಯ ಗುಂಡಿಗಳನ್ನು ಹೊಲಿದ ಹಾಗೆ ಹಸಿರು ಹಸಿರಾಗಿ ಏನೋ.

“ಇಗೋ, ಇವಳೇ ಹವಳ. ಮೂಸಂಬಿ ಸುಲ್ದು ಕೊಡಪ್ಪ, ತಿಂದ್ರೆ ತಿನ್ಲಿ.”

ಮೂಸಂಬಿಯನ್ನು ಮೆಕ್ಯಾನಿಕ್ಕುಗಳು ತಿಂದರು. ತಿಂದ ಋಣಕ್ಕೆ ಅವನಿಗೆ ‘ಮೂಸಂಬಿ’ ಎಂದೇ ಹೆಸರಿಟ್ಟರು.

ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ, ಐವತ್ತು ದಾಟಿದ, ಹಣೆ ತುಂಬ ವಿಭೂತಿ ಧರಿಸುವ ಹೆಂಗಸಿನ ಮೇಜಿಗೆ ಸಮುದ್ರ ಬಂದದ್ದು ವಾಸ್ತುವಿನ ದೆಸೆಯಿಂದ. ಶೋರೂಮಿನ ಈಶಾನ್ಯ ಮೂಲೆಯಲ್ಲಿ ನೀರು, ನೀರಿನಲ್ಲಿ ಮೀನು ಇದ್ದರೆ ಟ್ರ್ಯಾಕ್ಟರು ಹೆಚ್ಚು ಮಾರಾಟವಾಗುತ್ತವೆ ಎಂದು ಯಾರೋ ಮಾಲೀಕರ ಕಿವಿ ಊದಿದ್ದರು. ಮಾಲೀಕರು ಬೆಂಗಳೂರಿಗೆ ಹೋಗಿ, ಇರುವುದರಲ್ಲಿ ಚಿಕ್ಕದೂ ಚೆಂದದ್ದೂ ಆದ ಪೆಟ್ಟಿಗೆ ತಂದಿಟ್ಟರು. ಅದು ಸಮುದ್ರದ ನೀರಿನ ತೊಟ್ಟಿ ಎಂದು ಅಂಗಡಿಯವನು ಹೇಳಿರಲಿಲ್ಲವೋ, ಹೇಳಿದ್ದು ಇವರ ಕಿವಿಗೆ ಬೀಳಲಿಲ್ಲವೋ, ಅಂತೂ ನೀರು ಇಳಿದಾಗ ಆಫೀಸಿನವರು ಕೊಳವೆಬಾವಿ ನೀರು ಸುರಿದರು. ಮೀನುಗಳು ಒಂದೊಂದಾಗಿ ಹೊಟ್ಟೆ ಮೇಲೆ ಮಾಡಿದವು. ಈಶಾನ್ಯದಲ್ಲಿ ಸಾವು! ಹೊರಗೆ ಚೆಲ್ಲಿ ಬನ್ನಿ ಎಂದು ಅಪ್ಪಣೆಯಾಯಿತು.

ಚರಂಡಿಯ ಕಡೆಗೆ ಹೊರಟ ಪೆಟ್ಟಿಗೆ ಗಂಗಾಂಬಿಕೆಯವರ ಮುಂದೆ ಹಾದುಹೋಗುವಾಗ ಕಲ್ಲಿನ ಮೇಲೆ ಗುಂಡಿಯಂಥದ್ದೊಂದು ಮೆಲ್ಲಗೆ ಮುಚ್ಚಿಕೊಂಡದ್ದನ್ನು ಅವರು ಕಂಡರು. “ಇಡ್ರಪ್ಪೋ ಕೆಳಗೆ! ಜೀವ ಐತೆ ಅದರಲ್ಲಿ!” ಎಂದರು. ಇಟ್ಟರು. ಅವರ ಮೇಜಿನ ಮೇಲೆಯೇ ಇಟ್ಟರು. ಅಲ್ಲಿಂದ ಅದು ಅಲುಗಲಿಲ್ಲ.

ಕಾಪಾಡಿದ ಕೈಯಿಂದಲೇ ಅವರು ಅದನ್ನು ಇನ್ನೊಮ್ಮೆ ಕೊಲ್ಲುವುದಿತ್ತು. ಸಮುದ್ರಕ್ಕೆ ಬೇಕಾದ್ದು ಉಪ್ಪು ತಾನೆ ಎಂದು ಮನೆಯಿಂದ ಕಲ್ಲುಪ್ಪು ತಂದು, ಸಾರಿಗೆ ಹಾಕಿದ ಹಾಗೆ ಕೈಯಳತೆಯಲ್ಲಿ ಹಾಕಿಬಿಟ್ಟರು. ಬೆಳಗಾಗುವುದರೊಳಗೆ ಅರ್ಧ ಹವಳ ಬೂದಿ ಬಣ್ಣಕ್ಕೆ ತಿರುಗಿತ್ತು. “ಆವತ್ತು ನಾನು ಊಟ ಮಾಡ್ಲಿಲ್ಲ ಕಣೋ. ನಮ್ಮನೆಯೋರು ಒಗ್ಗರಣೆ ಸೀದೋಗಿದೆ ಅಂದ್ರೆ ಅದಕ್ಕೂ ಅತ್ಬಿಟ್ಟೆ,” ಎಂದು ಅವರೇ ಹೇಳುತ್ತಿದ್ದರು. ಆಮೇಲೆ ಪಲ್ಲವಿ ಅಂಗಡಿಯಲ್ಲಿ ವಿಚಾರಿಸಿ, ಸಮುದ್ರದ ತೊಟ್ಟಿಗೆಂದೇ ಸಿಗುವ ಉಪ್ಪಿನ ಪುಡಿ, ಉಪ್ಪು ನೋಡುವ ಮೀಟರು, ಕೂದಲಿನಷ್ಟು ಸಣ್ಣ ಗುಳ್ಳೆ ಬಿಡುವ ಪಂಪು ಎಲ್ಲ ಕಳಿಸಿದಳು. ಉಳಿದದ್ದನ್ನು ಗಂಗಾಂಬಿಕೆ ತಮ್ಮ ವಿಭಾಗದಿಂದಲೇ ಹೊಂದಿಸಿಕೊಂಡರು. ಔಷಧಿ ಹೊಡೆಯುವ ಪಂಪಿನ ಪೈಪು ನೀರು ಬದಲಾಯಿಸಲು ಬಂತು. ಬೇಸಿಗೆಯಲ್ಲಿ ತುಮಕೂರು ಕಾದ ಕಾವಲಿಯಾದಾಗ ಪುಟ್ಟ ಫ್ಯಾನು ಅವರ ಕಡೆ ಬೆನ್ನು ಮಾಡಿ ತೊಟ್ಟಿಗೆ ಗಾಳಿ ಹಾಕುತ್ತಿತ್ತು. ಅವರು ರಟ್ಟಿನಿಂದ ಬೀಸಿಕೊಳ್ಳುತ್ತಿದ್ದರು.

ಉಳಿದ ಹವಳ ಹಬ್ಬಿತು. ಜೊತೆಗೆ ಇಬ್ಬರು ಬಂದು ಸೇರಿದರು. ಒಬ್ಬ ಬೆರಳುದ್ದದ ಹಳದಿ ಮೀನು. ಇಡೀ ದಿನ ಕಲ್ಲಿನ ತೂತಿನಲ್ಲಿ ಕೂತು ತಲೆ ಮಾತ್ರ ಹೊರಗೆ ಹಾಕಿ ಎಲ್ಲರ ಕೆಲಸ ನೋಡುತ್ತಿದ್ದ, ತಾನೇನೂ ಮಾಡುತ್ತಿರಲಿಲ್ಲವಾದ್ದರಿಂದ ಅವನ ಹೆಸರು ಸೂಪರ್‌ವೈಸರ್. ಇನ್ನೊಬ್ಬ, ಖಾಲಿ ಶಂಖದಲ್ಲಿ ವಾಸ ಮಾಡುವ ಏಡಿ. ಮೈ ಬೆಳೆದಂತೆ ಹಳೆಯದನ್ನು ಬಿಟ್ಟು ಬೇರೆ ಶಂಖ ಹೊಗುತ್ತಿದ್ದ, ಅವನು ಬಾಡಿಗೆದಾರ. “ಸುಣ್ಣ ಬಣ್ಣ ಮಾಡಿಸ್ಕೊಡಿ ಅಂತ ಕೇಳಲ್ಲ, ಒಳ್ಳೇ ಜನ,” ಎನ್ನುತ್ತಿದ್ದರು ಗಂಗಾಂಬಿಕೆ.

ಬಿಡಿಭಾಗಕ್ಕೆಂದು ಬಂದ ರೈತರು ಕಾಯುವಾಗ ತೊಟ್ಟಿಯ ಮುಂದೆ ಬಗ್ಗಿ ನಿಲ್ಲುತ್ತಿದ್ದರು. ಹುಲಿಯೂರುದುರ್ಗದ ಕಡೆಯ ಒಬ್ಬರು ಫ್ಯಾನ್ ಬೆಲ್ಟಿಗೆ ಬಂದವರು ಬಹಳ ಹೊತ್ತು ನೋಡಿ, “ಇದ್ಯಾವ ಗಿಡ ತಾಯಿ?” ಎಂದರು.

“ಗಿಡ ಅಲ್ಲ ಯಜಮಾನ್ರೇ, ಪ್ರಾಣಿ.”

“ಪ್ರಾಣಿ ಅಂದ್ರೆ ಓಡಾಡ್ಬೇಕಲ್ವಾ?”

“ನಿಮ್ ಟ್ರ್ಯಾಕ್ಟರೂ ಓಡಾಡ್ಬೇಕಿತ್ತು. ನಿಂತೈತೆ ಅಂತ ಗಿಡ ಅಂತೀರಾ?”

ಈ ಸಮುದ್ರ ಗುಬ್ಬಿಯ ಮನೆಗೆ ಹೋಗದೆ ಆಫೀಸಿನ ಮೇಜಿನ ಮೇಲೇ ಉಳಿದದ್ದಕ್ಕೆ ಕಾರಣ ಸೀಗಡಿ. ಹವಳಕ್ಕೂ ಸೂಪರ್‌ವೈಸರನಿಗೂ ಬೇಕಾದ ಆಹಾರ ಮಂಜುಗಟ್ಟಿಸಿದ ಪುಟಾಣಿ ಸೀಗಡಿ. ಗಂಗಾಂಬಿಕೆಯವರದು ಲಿಂಗಪೂಜೆ ಮಾಡದೆ ಕಾಫಿಯನ್ನೂ ಮುಟ್ಟದ ಮನೆ. ಅವರ ಅತ್ತೆ ಶಕುಂತಲಮ್ಮನವರು ಒಂದೇ ಮಾತಿನಲ್ಲಿ ಮುಗಿಸಿದ್ದರು: “ಸೀಗಡಿ ಒಳಗೆ ಬಂದ್ರೆ ನಾನು ಹೊರಗೆ.” ಒಳ್ಳೆಯ ಅವಕಾಶವೇ, ಆದರೆ ಅತ್ತೆ ಮಾಡುವ ಒಬ್ಬಟ್ಟಿಗೆ ಬದಲಿ ಇಲ್ಲ ಎಂದು ಸೊಸೆ ಸುಮ್ಮನಾಗಿದ್ದರು. ಹಾಗಾಗಿ ಸೀಗಡಿ ಆಫೀಸಿನ ಫ್ರಿಜ್ಜಿನಲ್ಲಿ, ಟೀ ಹಾಲಿನಿಂದ ದೂರ, ಮುಚ್ಚಿದ ಡಬ್ಬದಲ್ಲಿ ಇರುತ್ತಿತ್ತು. ಮೂಸಂಬಿ ಪ್ರಕರಣದ ನಂತರ ಅದನ್ನು ತಿನ್ನಿಸುವ ಕೆಲಸ ಕನಕರಾಜುವಿನ ಪಾಲಿಗೆ ಬಂತು.

“ನಿಮ್ಮನೇಲಿ ತಿಂತೀರಲ್ಲ, ನಿಂಗೆ ಅಭ್ಯಾಸ ಇರುತ್ತೆ.”

“ನಾವು ಕೋಳಿ ತಿನ್ನೋರು ಮೇಡಂ. ಇದು ನೋಡಿದ್ರೆ ನಂಗೂ ಒಂಥರಾ ಆಗುತ್ತೆ.”

“ಆಗ್ಲಿ. ಒಂದು ಕಣ್ಣು ಮುಚ್ಕೊ. ಎರಡೂ ಮುಚ್ಚಬೇಡ, ಸೂಪರ್‌ವೈಸರ್ ಕಣ್ಣಿಗೆ ಚಿಮಟ ತಗಲುತ್ತೆ.”

ಅವನು ಚಿಮಟದಿಂದ ಸೀಗಡಿ ಇಳಿಸುವಾಗ ಅವರು ಗೋಡೆಯ ಕಡೆ ತಿರುಗಿ ಸಣ್ಣಗೆ ‘ಓಂ ನಮಃ ಶಿವಾಯ’ ಎನ್ನುತ್ತಿದ್ದರು. ಕರ್ನಾಟಕದಲ್ಲಿ ಅಷ್ಟು ಮರ್ಯಾದೆಯಿಂದ ಕೈಲಾಸಕ್ಕೆ ಹೋದ ಸೀಗಡಿಗಳು ಬೇರೆ ಇರಲಾರವು.

ಕುಣಿಗಲ್ ಬಳಿಯ ಕೊತ್ತಗೆರೆಯಲ್ಲಿದ್ದ ಕನಕರಾಜುವಿನ ತಾಯಿ ರಂಗಲಕ್ಷ್ಮಮ್ಮನಿಗೆ ಈ ವಿಷಯ ಬೇರೆಯದೇ ರೂಪದಲ್ಲಿ ತಲುಪಿತು. ಅವನ ಜಾತಕದಲ್ಲಿ ಕುಜದೋಷವಿದೆ, ಹವಳದ ಉಂಗುರ ಹಾಕಿದರೆ ಹೆಣ್ಣು ಸಿಗುತ್ತದೆ ಎಂದು ಜೋಯಿಸರು ಹೇಳಿದ್ದರು. “ನಿಮ್ಮಾಫೀಸಲ್ಲಿ ಹವಳ ಬೆಳೀತಾರಂತಲ್ಲೋ! ಒಂದ್ ಚೂರು ಕೇಳ್ಕೊಂಡ್ ಬಾರ್ಲಾ,” ಎಂದು ಅವಳು ಬೆನ್ನು ಹತ್ತಿದಳು. ಅವನು ಕೇಳಿಯೂ ಬಿಟ್ಟ.

“ಜೀವ ಇರೋದನ್ನ ಬೆರಳಿಗೆ ಸುತ್ಕೋತೀಯಾ?” ಎಂದರು ಗಂಗಾಂಬಿಕೆ. “ದಿನಾ ಸೀಗಡಿ ತಿನ್ನಿಸ್ಬೇಕು, ರಾತ್ರಿ ಉಪ್ಪುನೀರಲ್ಲಿ ಕೈ ಅದ್ದಿಕೊಂಡು ಮಲಗ್ಬೇಕು. ಅಂಥವನಿಗೆ ಯಾವಳು ಸಿಗ್ತಾಳೋ?”

ಹೀಗೆ ಇರುವಾಗ ಮಾಲೀಕರು ಕುಣಿಗಲ್ಲಿನಲ್ಲಿ ಹೊಸ ಶಾಖೆ ತೆರೆದರು. ಬಿಡಿಭಾಗಕ್ಕೆ ಗಂಗಾಂಬಿಕೆ, ಬಿಲ್ಲಿಂಗಿಗೆ ಕನಕರಾಜು ಹೋಗಬೇಕೆಂದಾಯಿತು. ಕನಕರಾಜುವಿಗೆ ಮನೆಯ ಹತ್ತಿರದ ಕೆಲಸ, ಹಬ್ಬ. ಗಂಗಾಂಬಿಕೆ ಮಾತ್ರ ತೊಟ್ಟಿ ನೋಡುತ್ತ ಕೂತರು. ಆವತ್ತು ಅವರ ದನಿ ರ್‍ಯಾಕು ದಾಟಲಿಲ್ಲ.

ಕುಣಿಗಲ್ ಶಾಖೆಯ ಮ್ಯಾನೇಜರ್ ಸೋಮಶೇಖರ್ ಒಳ್ಳೆಯ ಮನುಷ್ಯ, ಆದರೆ ಹೊಸ ಶೋರೂಮಿನ ಹೊಳೆಯುವ ನೆಲದ ಮೇಲೆ ತಾವೇ ಚಪ್ಪಲಿ ಬಿಟ್ಟು ಓಡಾಡುವಂಥವರು. ಫೋನಿನಲ್ಲಿ ಹೇಳಿದರು: “ಮೇಡಂ, ನೀವು ಬನ್ನಿ. ಮೀನು-ಗೀನು ಬೇಡ. ನೀರು ಚೆಲ್ಲುತ್ತೆ, ವಾಸನೆ ಬರುತ್ತೆ.”

ತುಮಕೂರಿನಲ್ಲಿ ಬಿಟ್ಟರೆ ನೋಡುವವರಿಲ್ಲ. ವಾರದೊಳಗೆ ಎಲ್ಲ ಮುಗಿಯುತ್ತದೆ. ಗುಬ್ಬಿಯಲ್ಲಿ ಅತ್ತೆ. ಕುಣಿಗಲ್ಲಿನಲ್ಲಿ ಸೋಮಶೇಖರ್. ಚರಂಡಿಯ ದಾರಿಯಿಂದ ವಾಪಸು ಕರೆದು, ಕಲ್ಲುಪ್ಪು ಹಾಕಿ ಕೊಂದು, ಮತ್ತೆ ಬದುಕಿಸಿ, ವರ್ಷಗಟ್ಟಲೆ ಸಾಕಿದ ಹವಳಕ್ಕೆ ಈ ಮೂರು ಊರಿನಲ್ಲಿ ಒಂದು ಮೇಜಿನಷ್ಟು ಜಾಗವಿರಲಿಲ್ಲ.

“ಸಾರ್ ಬೇಡ ಅಂದ್ರಲ್ಲ ಮೇಡಂ, ಏನ್ಮಾಡ್ತೀರಿ?” ಎಂದ ಕನಕರಾಜು.

“ಫೋನಲ್ಲಿ ಬೇಡ ಅಂದವ್ರೆ. ಎದುರಿಗೆ ಹೋಗಿ ನಿಂತ್ರೆ ಏನಂತಾರೋ ನೋಡಾಣ. ಮೊದ್ಲು ಜೀವಂತ ತಲುಪಿಸ್ಬೇಕು.”

ಬಿಡಿಭಾಗ ಸಾಗಿಸುವ ಟೆಂಪೋದಲ್ಲಿ ಕಳಿಸಲು ಅವರು ಒಪ್ಪಲಿಲ್ಲ. ಗೇರ್ ಬಾಕ್ಸಿನ ಜೊತೆ ಸಮುದ್ರ ಕಳಿಸುವ ಮಾತುಂಟೆ? ಸರ್ಕಾರಿ ಬಸ್ಸೇ ಸರಿ. ಹೊಸ ಬಕೆಟ್ಟಿನಲ್ಲಿ ಉಪ್ಪುನೀರು, ಹವಳದ ಕಲ್ಲು, ಕಲ್ಲಿನೊಳಗೆ ಸೂಪರ್‌ವೈಸರ್, ಬುಡದಲ್ಲಿ ಬಾಡಿಗೆದಾರ. ಮುಚ್ಚಳದಲ್ಲಿ ಒಂದು ತೂತು ಕೊರೆದು, ಗುಳ್ಳೆ ಬಿಡುವ ಬ್ಯಾಟರಿ ಪಂಪಿನ ಸಣ್ಣ ಪೈಪು ಇಳಿಬಿಟ್ಟರು. ಬಕೆಟ್ಟು ಗಂಗಾಂಬಿಕೆಯವರ ತೊಡೆಯ ಮೇಲೆ. ಖಾಲಿ ತೊಟ್ಟಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಕನಕರಾಜು ತಬ್ಬಿಕೊಂಡು ಕೂತ. ಕಾಲ ಬಳಿ ಎರಡು ಕ್ಯಾನು ಉಪ್ಪುನೀರು. ನೋಡಿದವರಿಗೆ ತಾಯಿ ಮಗ ಯಾವುದೋ ಯಾತ್ರೆಯಿಂದ ತೀರ್ಥ ತರುತ್ತಿರುವ ಹಾಗಿತ್ತು.

ಕಂಡಕ್ಟರ್ ಬಂದ. “ಹೆಂಗಸ್ರಿಗೆ ಫ್ರೀ ಅಮ್ಮಾ. ಬಕೆಟ್‌ಗೆ ಲಗೇಜು.”

“ಇದರೊಳಗಿರೋಳೂ ಹೆಂಗಸೇ ಕಣಪ್ಪ.”

“ಹಂಗಾ? ಆಧಾರ್ ಕಾರ್ಡ್ ತೋರ್ಸಿ.” ಕಂಡಕ್ಟರ್ ತೂತಿನಿಂದ ಬಗ್ಗಿ ನೋಡಿದ. “ಏನಮ್ಮಾ ಇದು?”

“ಸಮುದ್ರ.”

“ಸಮುದ್ರ ನೋಡಿದೀರಾ ನೀವು?”

“ಉಡುಪಿಗೆ ಹೋಗಿದ್ದಾಗ ನೋಡ್ದೆ. ಗಲೀಜು. ಯಾವ ಕಾಲದಿಂದ್ಲೋ ಯಾರೂ ನೀರೇ ಬದಲಾಯಿಸಿಲ್ಲ.”

ಕಂಡಕ್ಟರ್ ಬಕೆಟ್ಟಿಗೆ ಟಿಕೆಟ್ ಹರಿಯದೆ ಮುಂದೆ ಹೋದ.

ಹೆಬ್ಬೂರು ದಾಟಿದ ಮೇಲೆ ಬಸ್ಸು ಒಮ್ಮೆ ಕೀರಲು ದನಿ ತೆಗೆದು, ಎಂಜಿನ್ನು ಗರ್ಜಿಸಿದರೂ ಚಕ್ರ ತಿರುಗದೆ, ಹೊಂಗೆ ಮರದ ಕೆಳಗೆ ನಿಂತುಬಿಟ್ಟಿತು.

“ಕ್ಲಚ್ ಪ್ಲೇಟು,” ಎಂದರು ಗಂಗಾಂಬಿಕೆ ಕೂತಲ್ಲಿಂದಲೇ.

ಡ್ರೈವರ್ ತಿರುಗಿ ನೋಡಿದ. “ಇದು ಬಸ್ಸು ಕಣಮ್ಮ, ಟ್ರ್ಯಾಕ್ಟರ್ ಅಲ್ಲ.”

“ಇಷ್ಟೊತ್ತು ಓಡಿಸಿದ್ದು ನೋಡಿದ್ರೆ ನಂಗೆ ಹಂಗನ್ನಿಸ್ಲಿಲ್ಲಪ್ಪ.”

ಬೇರೆ ಬಸ್ಸು ಬರಬೇಕು, ಹೊತ್ತಾಗುತ್ತದೆ ಎಂದ ಕಂಡಕ್ಟರ್. ಜನ ಇಳಿದು ನೆರಳಿಗೆ ಬಂದರು. ಬಕೆಟ್ಟನ್ನೂ ನೆರಳಿಗಿಳಿಸಿದರು. ಹವಳ ಹೇಗಿದೆಯೋ ನೋಡೋಣ ಎಂದು ಕನಕರಾಜು ಕಾಳಜಿಯಿಂದ ಮುಚ್ಚಳ ತೆಗೆದು ಬಗ್ಗಿದ. ಅವನ ಕಾಳಜಿಗೆ ಒಂದು ಗುಣವುಂಟು: ಅದು ಎಲ್ಲಿ ಕಾಲಿಟ್ಟರೂ ಏನಾದರೊಂದು ಬೀಳುತ್ತದೆ. ಮುಚ್ಚಳಕ್ಕೆ ಸಿಕ್ಕಿಸಿದ್ದ ಪಂಪು ಜಾರಿ ನೇರವಾಗಿ ನೀರಿಗೆ ಬಿತ್ತು. ಒಂದು ಸಲ ಗುರ್ ಎಂದು ಸುಮ್ಮನಾಯಿತು. ಗುಳ್ಳೆ ನಿಂತವು.

ಗಂಗಾಂಬಿಕೆ ಪಂಪನ್ನು ಎತ್ತಿ, ಸೆರಗಿನಲ್ಲಿ ಒರೆಸಿ, ಬ್ಯಾಟರಿ ತೆಗೆದು ಊದಿ ಹಾಕಿದರು. ಜೀವ ಬರಲಿಲ್ಲ. ಬಕೆಟ್ಟಿನೊಳಗೆ ಸೂಪರ್‌ವೈಸರ್ ಮೊದಲ ಸಲ ತೂತು ಬಿಟ್ಟು ಮೇಲೆ ಬಂದು, ನೀರಿನ ಮುಖಕ್ಕೆ ಬಾಯಿ ಕೊಟ್ಟು ಪಕಪಕ ಎನ್ನತೊಡಗಿದ.

“ಉಸಿರು ಕಟ್ತಿದೆ ಅದಕ್ಕೆ,” ಎಂದರು ಗಂಗಾಂಬಿಕೆ. “ಎಲೆ ಸಂದಿಯ ಬಿಸಿಲಿಗೆ ನೀರು ಬೇರೆ ಕಾಯ್ತಿದೆ. ನೀರಿಗೆ ಗಾಳಿ ಸೇರಿಸ್ಬೇಕು ಕನಕ, ಹೆಂಗಾದ್ರೂ.”

ಕನಕರಾಜು ಪೈಪಿಗೆ ಬಾಯಿಟ್ಟು ಊದಿದ. ಮುಖ ಟೊಮೆಟೊ ಆಯಿತು. “ನಿನ್ ಬಾಯಿಂದ ಬರೋದು ಒಳ್ಳೆ ಗಾಳಿ ಅಲ್ಲ, ಬುಡು,” ಎಂದು ಪಕ್ಕದಿಂದ ಒಂದು ದನಿ ಬಂತು. ಅದು ಚಿಕ್ಕಮಾರಮ್ಮನದು. ಹಿಂದಿನ ಸೀಟಿನಲ್ಲಿದ್ದ ಮುದುಕಿ. ಕುಣಿಗಲ್ಲಿಗೆ ಮಗಳ ಬಾಣಂತನಕ್ಕೆ ಪಾತ್ರೆ ಪಡಗದ ಚೀಲ ಸಮೇತ ಹೊರಟವಳು. “ಗಾಳಿ ಸೇರ್ಬೇಕು ಅಷ್ಟೇ ತಾನೆ? ಅದಕ್ಕೇನ್ ಮಿಷಿನ್ನು? ಕಾಪಿ ಆರಿಸ್ದಂಗೆ ಆರ್ಸುದ್ರಾಯ್ತು.”

ಚೀಲದಿಂದ ಒಂದು ಸ್ಟೀಲ್ ಲೋಟ ತೆಗೆದೇಬಿಟ್ಟಳು.

“ತಡೀರಿ ತಾಯಿ!” ಗಂಗಾಂಬಿಕೆ ಲೋಟ ಕಿತ್ತುಕೊಂಡರು. “ಏನ್ ಹಾಕಿ ತೊಳೆದಿದೀರಿ? ಸೋಪಾ? ಬೂದಿನಾ?”

“ಹುಣಸೇಹಣ್ಣು ಹಾಕಿ ಉಜ್ಜಿವ್ನಿ. ಹೊಸ ಲೋಟ ಕಣವ್ವ, ಮೊಮ್ಮಗಂದು.”

ಗಂಗಾಂಬಿಕೆ ಅದನ್ನು ಕ್ಯಾನಿನ ಉಪ್ಪುನೀರಿನಲ್ಲಿ ಎರಡೆರಡು ಸಲ ಜಾಲಿಸಿ, ಮೂಸಿ ನೋಡಿ ಕೊಟ್ಟರು. ಚಿಕ್ಕಮಾರಮ್ಮ ಸೀರೆ ಮೊಣಕಾಲ ಮೇಲೆ ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತು, ಬಕೆಟ್ಟಿನ ನೀರನ್ನು ಮೊಗೆದು, ತೋಳು ನಿಲುಕುವಷ್ಟು ಮೇಲೆತ್ತಿ, ಒಂದೇ ಧಾರೆಯಾಗಿ ಹುಯ್ದಳು. ನೊರೆ ಎದ್ದಿತು. ಮತ್ತೆ ಮೊಗೆದಳು, ಮತ್ತೆ ಹುಯ್ದಳು. ಒಂದು ಹನಿ ಆಚೆ ಬೀಳಲಿಲ್ಲ.

“ಕಲ್ಲಿನ ಮೇಲೆ ಬೀಳಬಾರ್ದು, ಪಕ್ಕಕ್ಕೆ!”

“ಗೊತ್ತಾಯ್ತು ಬುಡವ್ವ. ಮಗಾ ಎಣ್ಣೆ ನೀರು ಹಾಕುವಾಗ ನೆತ್ತಿ ಮೇಲೆ ಸುರೀತೀವಾ?”

ಅವಳ ತೋಳು ಸೋತಾಗ ಕಂಡಕ್ಟರ್ ತನ್ನ ಚೀಲವನ್ನು ಡ್ರೈವರಿಗೆ ಕೊಟ್ಟು ಬಂದ. ಅವನದು ಹೋಟೆಲಿನವರ ಕೈ, ಧಾರೆ ಎರಡು ಮೊಳ ಏರಿತು. “ಓಹೋ, ಬೈಟು ಕಾಫಿ!” ಎಂದು ಯಾರೋ ಕೂಗಿದರು. ಬಿಳಿ ಷರಟಿನ ಮೇಷ್ಟ್ರೊಬ್ಬರು ವಾಚು ಬಿಚ್ಚಿ ಜೇಬಿಗಿಟ್ಟು, ನನ್ನ ಸರದಿ ಯಾವಾಗ ಎಂದು ಕೇಳಿ ನಿಂತರು. ಒಬ್ಬಳು ಕಾಲೇಜು ಹುಡುಗಿ ವೀಡಿಯೋ ಮಾಡುತ್ತಿದ್ದವಳು ಫೋನು ಒಳಗಿಟ್ಟು ತಾನೂ ಕೂತಳು. ಅವಳ ಧಾರೆ ಅರ್ಧ ನೆಲಕ್ಕೆ ಬಿದ್ದಾಗ ಚಿಕ್ಕಮಾರಮ್ಮ, “ಲೇ, ಗಂಡನ್ ಮನೇಲಿ ಹಿಂಗೆ ಕಾಪಿ ಆರಿಸ್ಬೇಡ,” ಎಂದಳು. “ಅಲ್ಲಿ ಅವನೇ ಆರಿಸ್ತಾನೆ ಅಜ್ಜಿ,” ಎಂದಳು ಹುಡುಗಿ. ಮರದ ಕೆಳಗೆಲ್ಲ ನಗು. ದಾರಿಯಲ್ಲಿ ಹೋಗುತ್ತಿದ್ದ ಬೈಕುಗಳು ನಿಂತವು. ಏನೋ ಪ್ರಸಾದ ಹಂಚುತ್ತಿದ್ದಾರೆ ಎಂದು ಒಬ್ಬ ಕೈ ಚಾಚಿಕೊಂಡೇ ಬಂದ. ಅವನ ಕೈಗೆ ಲೋಟ ಕೊಟ್ಟರು.

ಕನಕರಾಜುವಿಗೂ ಸರದಿ ಸಿಕ್ಕಿತು. ಅವನ ಕೈಯಿಂದ ಲೋಟವೇ ಬಕೆಟ್ಟಿಗೆ ಬಿದ್ದ ಮೇಲೆ, ಬಕೆಟ್ಟಿಗೆ ನೆರಳು ಹಿಡಿಯುವ ಕೆಲಸಕ್ಕೆ ನೇಮಿಸಿದರು. ಬೆಡ್‌ಶೀಟು ಬಿಡಿಸಿ ಹಿಡಿದು ನಿಂತ ಅವನಿಗೆ ಕಂಡದ್ದು ಗಂಗಾಂಬಿಕೆಯವರ ಮುಖ. ಅವರು ಸುರಿಯುವವರನ್ನು ನೋಡುತ್ತಿರಲಿಲ್ಲ. ನೀರಿನೊಳಗಿನ ಆ ಹಳದಿ ಬಾಯಿಯನ್ನೇ ನೋಡುತ್ತ, ತುಟಿ ಅಲುಗಿಸುತ್ತ ಕೂತಿದ್ದರು. ಸ್ವಲ್ಪ ಹೊತ್ತಿಗೆ ಸೂಪರ್‌ವೈಸರ್ ಬಾಯಿ ಮುಚ್ಚಿದ. ನಿಧಾನವಾಗಿ ತಿರುಗಿ, ಯಾರಿಗೂ ಒಂದು ಥ್ಯಾಂಕ್ಸ್ ಹೇಳದೆ, ತನ್ನ ತೂತಿಗೆ ಹೋಗಿ ತಲೆ ಮಾತ್ರ ಹೊರಗೆ ಹಾಕಿ ಎಲ್ಲರ ಕೆಲಸ ನೋಡತೊಡಗಿದ.

“ಆಹಾ, ಡ್ಯೂಟಿಗೆ ಹಾಜರ್!” ಎಂದರು ಗಂಗಾಂಬಿಕೆ. ಅವರ ದನಿ ಹೊಂಗೆ ಮರ ದಾಟಿ ಆಚೆ ಹೊಲದಲ್ಲಿದ್ದವರು ತಿರುಗಿ ನೋಡುವಷ್ಟಕ್ಕೆ ಮರಳಿ ಬಂದಿತ್ತು.

ಬದಲಿ ಬಸ್ಸು ಬಂದಾಗ ಬಕೆಟ್ಟನ್ನೇ ಮೊದಲು ಹತ್ತಿಸಿದರು. ಕುಣಿಗಲ್ ತಲುಪುವ ತನಕ ಲೋಟ ಕೈಯಿಂದ ಕೈಗೆ ಹೋಗುತ್ತಲೇ ಇತ್ತು. ಚಿಕ್ಕಮಾರಮ್ಮ ಇಳಿಯುವಾಗ ಲೋಟ ವಾಪಸು ಪಡೆದು, “ಬಾಣಂತಿಗೆ ಹೇಳ್ಬೇಕು, ಸಮುದ್ರನೇ ಆರ್ಸಿ ಬಂದಿವ್ನಿ ಅಂತ,” ಎಂದು ಹೊರಟಳು.

ಹೊಸ ಶೋರೂಮಿನ ಬಾಗಿಲಿಗೆ ಬಕೆಟ್ಟು, ಕ್ಯಾನು, ತೊಟ್ಟಿ, ಉಪ್ಪಿನ ಬಿಳಿ ಕಲೆ ಹತ್ತಿದ ಸೀರೆ ಬಂದು ನಿಂತಾಗ ಸೋಮಶೇಖರ್ ಬಾಯಿ ತೆರೆದರು. ಗಂಗಾಂಬಿಕೆ ಅದಕ್ಕೆ ಪದ ಬರಲು ಬಿಡಲಿಲ್ಲ. “ಸಾರ್, ಬೈಯೋದು ಆಮೇಲೆ. ಮೊದ್ಲು ಪ್ಲಗ್ ಪಾಯಿಂಟ್ ತೋರ್ಸಿ.”

ಗಾಬರಿಯಲ್ಲಿ ಸೋಮಶೇಖರ್ ತೋರಿಸಿದರು. ಅದು ಅವರದೇ ಮೇಜಿನ ಪಕ್ಕದ್ದು. ತೊಟ್ಟಿ ಅಲ್ಲೇ ಕೂತಿತು. ನೀರು ತುಂಬಿತು, ಕಲ್ಲು ಇಳಿಯಿತು, ತೊಟ್ಟಿಯ ಕರೆಂಟಿನ ಪಂಪು ಗುಳ್ಳೆ ಬಿಟ್ಟಿತು, ನೀಲಿ ಬೆಳಕು ಹತ್ತಿತು. ಒಂದು ಹನಿ ನೆಲಕ್ಕೆ ಬಿದ್ದದ್ದನ್ನು ಕನಕರಾಜು ತನ್ನ ಅಂಗಿಯಿಂದಲೇ ಒರೆಸಿದ. ಹವಳ ಮಾತ್ರ ಮುದುಡಿಕೊಂಡು ಕಲ್ಲಿನಂತೇ ಇತ್ತು. ಗಂಗಾಂಬಿಕೆ ನೀರೂ ಕುಡಿಯದೆ ಅದರ ಮುಂದೆ ಕೂತರು.

“ಇದೇನಾ ಮೇಡಂ, ಇಷ್ಟು ಕಷ್ಟಪಟ್ಟು ತಂದಿದ್ದು? ಸುಮ್ನೆ ಕಲ್ಲಿದ್ದಂಗಿದೆ,” ಎಂದರು ಸೋಮಶೇಖರ್.

“ಶ್,” ಎಂದರು ಗಂಗಾಂಬಿಕೆ ಮ್ಯಾನೇಜರಿಗೆ.

ಸಂಜೆಯಾಗುವ ಹೊತ್ತಿಗೆ ಅಂಚಿನ ಒಂದು ಗುಂಡಿ ಬಿಚ್ಚಿತು. ಅದರ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು. ನೋಡನೋಡುತ್ತ ಕಲ್ಲಿನ ತುಂಬ ಹಸಿರು ಬಾಯಿಗಳು ತೆರೆದು ನೀರಿನಲ್ಲಿ ತೂಗತೊಡಗಿದವು. ಸೋಮಶೇಖರ್ ಯಾವಾಗ ಕುರ್ಚಿಯಿಂದಿಳಿದು ಆ ಹೊಳೆಯುವ ನೆಲದ ಮೇಲೆ ಮಂಡಿಯೂರಿದರೋ ಯಾರೂ ಗಮನಿಸಲಿಲ್ಲ. ಬಾಡಿಗೆದಾರ ಗಾಜಿನ ಹತ್ತಿರ ಬಂದು ಅವರನ್ನು ನೋಡಿದ. ಅವರು ಬೆರಳಿನಿಂದ ಗಾಜು ಮುಟ್ಟಿ, “ನಮಸ್ಕಾರ,” ಎಂದರು. ಆಮೇಲೆ ಯಾರಾದರೂ ಕೇಳಿದರೇನೋ ಎಂದು ಸುತ್ತ ನೋಡಿದರು.

“ಇರ್ಲಿ ಬಿಡಿ ಮೇಡಂ,” ಎಂದರು ಏಳುತ್ತ, ಪ್ಯಾಂಟು ಕೊಡವಿಕೊಳ್ಳುತ್ತ. “ಬಂದಿದ್ದು ಬಂದಾಗಿದೆ.”

ಅಷ್ಟರಲ್ಲಿ ಕರೆಂಟು ಹೋಯಿತು. ಶೋರೂಮಿನ ದೀಪಗಳೆಲ್ಲ ಆರಿದರೂ ಸೋಮಶೇಖರರ ಕಂಪ್ಯೂಟರ್ ಮಾತ್ರ ಮಿನುಗುತ್ತಿತ್ತು. ಇಡೀ ಶಾಖೆಯಲ್ಲಿ ಯುಪಿಎಸ್ ಇದ್ದದ್ದು ಅದೊಂದಕ್ಕೇ, ಅದರಲ್ಲಿದ್ದ ಪ್ಲಗ್ ಪಾಯಿಂಟೂ ಒಂದೇ. ಪಂಪು ನಿಂತಿತ್ತು. ಗಂಗಾಂಬಿಕೆ ಎದ್ದು ಮ್ಯಾನೇಜರರ ಮೇಜಿನ ಕೆಳಗೆ ಬಗ್ಗಿ, ಕಂಪ್ಯೂಟರಿನ ವೈರಿಗೆ ಕೈ ಹಾಕಿದರು.

“ಮೇಡಂ, ಮೇಡಂ!” ಸೋಮಶೇಖರ್ ಕುರ್ಚಿ ಹಿಡಿದುಕೊಂಡರು. “ಹೆಡ್ ಆಫೀಸಿಗೆ ರಿಪೋರ್ಟ್ ಕಳಿಸ್ತಿ‌ದೀನಿ. ಒಂದು ಮಾತು ನೇರವಾಗಿ ಹೇಳ್ಬಿಡಿ. ಈ ಆಫೀಸಲ್ಲಿ ನನ್ನ ಕಂಪ್ಯೂಟರ್ ಮುಖ್ಯನೋ, ನಿಮ್ಮ ಮೀನಿನ ಪಂಪ್ ಮುಖ್ಯನೋ?”

“ಪಂಪು ಸಾರ್,” ಎಂದರು ಗಂಗಾಂಬಿಕೆ ಮೇಜಿನ ಕೆಳಗಿನಿಂದಲೇ. “ನಿಮ್ ಕಂಪ್ಯೂಟರ್ ನಿಂತ್ರೆ ಸಾಯೋರು ಯಾರೂ ಇಲ್ಲ.”